ಗದಗ ಭಾಗದಲ್ಲಿ ಚಲನಚಿತ್ರ ಹಂಚಿಕೆ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಊರುಗಳಿಗೆ ಸಿನಿಮಾ ಯಾರ ಕೈಯಿಂದ ಬರಬೇಕೆಂಬುದನ್ನು ಬಹುಕಾಲ ಗೊತ್ತುಮಾಡಿದ್ದು ಬ್ರಿಟಿಷರ ಕಾಲದ ನಕ್ಷೆ. ಗದಗ, ಮುಂಡರಗಿ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೂ ಸೇರಿದ್ದವು. 1956ರ ಏಕೀಕರಣದ ನಂತರವೂ ಹಿಂದಿ ಚಿತ್ರಗಳ ವ್ಯಾಪಾರದಲ್ಲಿ ಈ ಭಾಗ ‘ಬಾಂಬೆ ಸರ್ಕಿಟ್’ ಎಂಬ ಹಂಚಿಕೆ ವಲಯದಲ್ಲೇ ಉಳಿಯಿತು. ಮುಂಡರಗಿಯ ಮಗ್ಗುಲಿನ ಕೊಪ್ಪಳ ನಿಜಾಮ ವಲಯ, ತುಂಗಭದ್ರೆಯಾಚೆಯ ಹೂವಿನಹಡಗಲಿ ಮೈಸೂರು ವಲಯ. ಹೀಗಾಗಿ ಒಂದೇ ಚಿತ್ರದ ಹಕ್ಕು ನೆರೆಹೊರೆಯ ಮೂರು ತಾಲ್ಲೂಕುಗಳಲ್ಲಿ ಮೂವರ ಬಳಿ ಇರಬಹುದಿತ್ತು. ಬೆಂಗಳೂರಿನ ಗಾಂಧಿನಗರದ ಚಿತ್ರೋದ್ಯಮದವರು ಕನ್ನಡ ಚಿತ್ರಗಳನ್ನು ಏರಿಯಾವಾರು ಮಾರುವಾಗಲೂ ‘ಬಾಂಬೆ ಕರ್ನಾಟಕ’ ಪ್ರತ್ಯೇಕ ಏರಿಯಾ, ಹುಬ್ಬಳ್ಳಿ ಅದರ ಕೇಂದ್ರ. ಸರ್ಕಾರ 2021ರಲ್ಲಿ ಈ ಭಾಗವನ್ನು ಕಿತ್ತೂರು ಕರ್ನಾಟಕವೆಂದು ಕರೆಯಿತು.

ಊರೂರಿಗೆ ಹೋಗಿ ಕ್ಯಾಂಪ್ ಹಾಕುವ ಪದ್ಧತಿ ಸಿನಿಮಾಕ್ಕಿಂತ ಹಳೆಯದು. ಶಿರಹಟ್ಟಿ ವೆಂಕೋಬರಾಯರ ನಾಟಕ ಕಂಪನಿ, ಗರೂಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಈ ನೆಲದವೇ. ಟೂರಿಂಗ್ ಟಾಕೀಸುಗಳೂ ಅದೇ ಜಾಡು ಹಿಡಿದು ಟೆಂಟ್ ಹೊಡೆದವು. 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆಯಡಿ ಇವಕ್ಕೂ ಪರವಾನಗಿ ಬೇಕಾಯಿತು.

ರೀಲಿನ ಕಾಲದಲ್ಲಿ ಬಿಡುಗಡೆಯೆಂದರೆ ಕಾಯುವಿಕೆ. 35 ಎಂ.ಎಂ. ಫಿಲ್ಮಿನ ಸಾವಿರ ಅಡಿ ಓಡುವುದು ಸುಮಾರು 11 ನಿಮಿಷ. ಒಂದು ಚಿತ್ರಕ್ಕೆ ಡಬ್ಬಗಟ್ಟಲೆ ರೀಲು ಬೇಕು. ಪ್ರಿಂಟ್ ದುಬಾರಿ, ಪ್ರತಿಗಳು ಕಡಿಮೆ. ಸಾಮಾನ್ಯವಾಗಿ ಹುಬ್ಬಳ್ಳಿಯಲ್ಲಿ ಓಡಿದ ಮೇಲೆ ಗದಗಕ್ಕೆ, ಅಲ್ಲಿಂದ ರೈಲಿಲ್ಲದ ತಾಲ್ಲೂಕು ಊರುಗಳಿಗೆ ಪ್ರಿಂಟ್ ಸಾಗುತ್ತಿತ್ತು. ಕೊನೆಯ ಊರಿನ ಪ್ರೇಕ್ಷಕ ನೋಡಿದ್ದು ಗೀರು ಬಿದ್ದ, ಅಲ್ಲಲ್ಲಿ ತುಂಡಾಗಿ ಅಂಟಿಸಿದ ಚಿತ್ರವನ್ನು. ಅವನೂ ದುಡ್ಡು ಕೊಟ್ಟೇ ಟಿಕೆಟ್ ಪಡೆದವನು. ಈ ಅನ್ಯಾಯ ಉದ್ಯಮದ ಇತಿಹಾಸಗಳಲ್ಲಿ ಸರಿಯಾಗಿ ದಾಖಲಾಗಿಲ್ಲ.

ಹಕ್ಕನ್ನು ಪೂರ್ತಿ ಕೊಳ್ಳುವುದು, ನಿರ್ಮಾಪಕನಿಗೆ ಕನಿಷ್ಠ ಮೊತ್ತ ಖಾತ್ರಿಪಡಿಸುವ ಮಿನಿಮಮ್ ಗ್ಯಾರಂಟಿ, ಬರೀ ಕಮಿಷನ್ ಎಂದು ಹಂಚಿಕೆ ಒಪ್ಪಂದ ಮೂರು ಬಗೆ. ಮೊದಲನೆಯದರಲ್ಲಿ ಲಾಭನಷ್ಟವೆಲ್ಲ ಹಂಚಿಕೆದಾರನದು, ಕಮಿಷನ್‌ನಲ್ಲಿ ನಿರ್ಮಾಪಕನದು.

2005ರ ನಂತರ ಚಿತ್ರವನ್ನು ಡಿಜಿಟಲ್ ರೂಪದಲ್ಲಿ ಥಿಯೇಟರಿಗೆ ತಲುಪಿಸುವ ಯುಎಫ್‌ಒ, ಕ್ಯೂಬ್ ತಂತ್ರಜ್ಞಾನ ಹಬ್ಬಿದಂತೆ ರೀಲಿನ ಡಬ್ಬಗಳು ಮಾಯವಾದವು. ಬೆಂಗಳೂರಿನ ಶುಕ್ರವಾರವೇ ಸಣ್ಣ ಊರಿನ ಶುಕ್ರವಾರವೂ ಆಗಲು ಸಾಧ್ಯವಾಯಿತು. ಮುಂದೆ ಥಿಯೇಟರನ್ನೇ ಬಿಟ್ಟ ಹಂಚಿಕೆಯೂ ಬಂತು: 2020ರ ಜುಲೈನಲ್ಲಿ ಕನ್ನಡದ ‘ಲಾ’ ಚಿತ್ರ ಥಿಯೇಟರಿಗೆ ಬಾರದೆ ನೇರವಾಗಿ ಅಮೆಜಾನ್ ಪ್ರೈಮ್‌ನಲ್ಲಿ ತೆರೆಕಂಡಿತು. 2022ರಲ್ಲಿ ‘ಕಾಂತಾರ’ ಮೊದಲು ಕನ್ನಡದಲ್ಲಷ್ಟೇ ಬಂದು, ಜನ ಕೇಳಿದ ಮೇಲೆ ಬೇರೆ ಭಾಷೆಗಳಿಗೆ ಹೋಯಿತು. ಪ್ರಿಂಟಿನ ಖರ್ಚು ತಪ್ಪಿದರೂ ಒಂಟಿ ಪರದೆಯ ಥಿಯೇಟರುಗಳ ವಾರದ ಬಾಡಿಗೆ ಪದ್ಧತಿ ಉಳಿದಿದೆ. ತಾರೆಯರಿಲ್ಲದ ಚಿತ್ರದ ನಿರ್ಮಾಪಕ ಆ ಬಾಡಿಗೆ ಭರಿಸಲಾರದೆ ಮೊದಲು ಕೈಬಿಡುವುದು ಮುಂಡರಗಿಯಂಥ ಊರುಗಳನ್ನೇ.