ಡಯಾಲಿಸಿಸ್ ಉಚಿತವಾಯಿತು, ಕಲ್ಲಾಗುತ್ತಿರುವ ರಕ್ತನಾಳವನ್ನು ನೋಡುವವರು ಯಾರು?

2000ನೇ ಇಸವಿಯಲ್ಲಿ ಅಮೆರಿಕದ ಲಾಸ್ ಏಂಜಲಿಸ್‌ನ ವೈದ್ಯರ ತಂಡವೊಂದು ಡಯಾಲಿಸಿಸ್‌ನಲ್ಲಿದ್ದ 39 ಮಂದಿಯ ಹೃದಯವನ್ನು ಸಿಟಿ ಸ್ಕ್ಯಾನ್ ಮಾಡಿ ನೋಡಿತು. ಎಲ್ಲರೂ ಮಕ್ಕಳು, ಇಲ್ಲವೇ ಯುವಜನ. ಯಾರಿಗೂ ವಯಸ್ಸು 30 ದಾಟಿರಲಿಲ್ಲ. 20ಕ್ಕಿಂತ ಚಿಕ್ಕವರಾದ 23 ಮಂದಿಯಲ್ಲಿ ಏನೂ ಕಾಣಲಿಲ್ಲ. ಆದರೆ 20ರಿಂದ 30ರೊಳಗಿನ 16 ಮಂದಿಯಲ್ಲಿ 14 ಜನರ ಹೃದಯದ ರಕ್ತನಾಳಗಳಲ್ಲಿ ಸುಣ್ಣ ಕಟ್ಟಿತ್ತು. ಹೋಲಿಕೆಗೆಂದು ಅದೇ ವಯಸ್ಸಿನ 60 ಆರೋಗ್ಯವಂತರನ್ನು ನೋಡಿದರೆ, ಅಂಥವರು ಸಿಕ್ಕಿದ್ದು 3 ಜನ.

ಇದಕ್ಕೆ ಎರಡು ವರ್ಷ ಮೊದಲು, 1998ರಲ್ಲಿ, ಅಮೆರಿಕದ ದತ್ತಾಂಶವನ್ನಿಟ್ಟುಕೊಂಡು ಮಾಡಿದ ಇನ್ನೊಂದು ಲೆಕ್ಕ ಬಂದಿತ್ತು. ಡಯಾಲಿಸಿಸ್‌ನಲ್ಲಿರುವ 25–34ರ ವಯಸ್ಸಿನವರು ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಸಾಯುವ ಪ್ರಮಾಣ, ಸಾಮಾನ್ಯ ಜನರಲ್ಲಿ 75 ದಾಟಿದ ವೃದ್ಧರ ಪ್ರಮಾಣದ ಹತ್ತಿರ ಇತ್ತು. ಅಂದರೆ ನನಗಿಂತ ಚಿಕ್ಕವರ ಎದೆಯೊಳಗೆ ನನ್ನ ಅಜ್ಜನ ವಯಸ್ಸಿನ ರಕ್ತನಾಳ. ನಮ್ಮಲ್ಲಿ ಅಂಥವರೊಬ್ಬರು ತೀರಿಕೊಂಡರೆ 'ಕಿಡ್ನಿ ಹೋಗಿತ್ತು ಪಾಪ' ಅಂತ ಮಾತು ಮುಗಿಯುತ್ತದೆ. ಆದರೆ ಡಯಾಲಿಸಿಸ್ ರೋಗಿಗಳ ಸಾವಿಗೆ ಹೃದಯ ಮತ್ತು ರಕ್ತನಾಳದ ತೊಂದರೆಯೇ ಬಹುದೊಡ್ಡ ಕಾರಣ.

ಯಾಕೆ ಹೀಗೆ? ಮೂಲ ಇರುವುದು ಫಾಸ್ಫರಸ್‌ನಲ್ಲಿ. ಹಾಲು, ಬೇಳೆ, ಮೊಟ್ಟೆ, ಮಾಂಸ, ಧಾನ್ಯ ಹೀಗೆ ಪ್ರೋಟೀನ್ ಇರುವ ಹೆಚ್ಚುಕಡಿಮೆ ಎಲ್ಲದರಲ್ಲೂ ಅದು ಇದೆ. ಸಾಧಾರಣ ಊಟದಿಂದ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಒಳಗೆ ಹೋದರೆ, ಕರುಳು ಅದರಲ್ಲಿ 600–700ರಷ್ಟನ್ನು ಹೀರಿಕೊಳ್ಳುತ್ತದೆ. ಆರೋಗ್ಯವಂತ ಕಿಡ್ನಿ ಅಷ್ಟನ್ನೂ ಮೂತ್ರದಲ್ಲಿ ಹೊರಹಾಕಿಬಿಡುತ್ತದೆ. ಕಿಡ್ನಿ ನಿಂತರೆ?

ಎಂಜಿನಿಯರಿಂಗ್‌ನಲ್ಲಿ ನಮಗೆ ಮಾಸ್ ಬ್ಯಾಲೆನ್ಸ್ ಅಂತ ಒಂದು ಲೆಕ್ಕ ಮಾಡಿಸುತ್ತಿದ್ದರು. ಒಳಗೆ ಬಂದದ್ದರಲ್ಲಿ ಹೊರಗೆ ಹೋದದ್ದನ್ನು ಕಳೆದರೆ ಉಳಿದದ್ದು ಟ್ಯಾಂಕಿನಲ್ಲೇ ಇರಬೇಕು. ಅದನ್ನೇ ಇಲ್ಲಿ ಹಾಕಿ ನೋಡಿ. ವಾರಕ್ಕೆ ದೇಹ ಹೀರುವುದು ಸುಮಾರು 4500 ಮಿಲಿಗ್ರಾಂ. ನಾಲ್ಕು ಗಂಟೆಯ ಒಂದು ಡಯಾಲಿಸಿಸ್ ತೆಗೆಯುವುದು ಹೆಚ್ಚುಕಡಿಮೆ 800. ಮೂರು ಸಲ ಮಾಡಿಸಿದರೆ 2400, ಎರಡೇ ಸಲವಾದರೆ 1600. ಮೂರು ಸಲ ಮಾಡಿಸಿದರೂ ಲೆಕ್ಕ ಕೂಡುವುದಿಲ್ಲ! ಯಂತ್ರದ ಗುಣಮಟ್ಟ ಹೆಚ್ಚಿಸಿದರೆ ಸಾಲದೇ ಅಂದರೆ, ಸಾಲುವುದಿಲ್ಲ. ಫಾಸ್ಫರಸ್‌ನ ಬಹುಪಾಲು ಇರುವುದು ಮೂಳೆ ಮತ್ತು ಜೀವಕೋಶಗಳ ಒಳಗೆ. ಯಂತ್ರ ತೊಳೆಯುವುದು ರಕ್ತದಲ್ಲಿರುವುದನ್ನು ಮಾತ್ರ. ಮೊದಲ ಒಂದೆರಡು ಗಂಟೆಯಲ್ಲಿ ರಕ್ತದ ಮಟ್ಟ ಸರ್ರನೆ ಇಳಿಯುತ್ತದೆ, ಆಮೇಲೆ ಒಳಗಿನಿಂದ ನಿಧಾನವಾಗಿ ಬರುವುದಕ್ಕೆ ಕಾಯಬೇಕು, ಸೂಜಿ ತೆಗೆದ ಮೇಲೆ ಮಟ್ಟ ಮತ್ತೆ ಏರುತ್ತದೆ. ಫಾಸ್ಫರಸ್ ಹೊರಗೆ ಹೋಗಬೇಕೆಂದರೆ ಬೇಕಾಗಿರುವುದು ಸಮಯ.

ಉಳಿದದ್ದು ಎಲ್ಲಿ ಹೋಗುತ್ತದೆ ಅನ್ನುವುದು ಮುಖ್ಯ. ಬೋರ್‌ವೆಲ್ ನೀರಿನ ಊರಿನಲ್ಲಿ ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುತ್ತದಲ್ಲ, ರಕ್ತನಾಳದಲ್ಲೂ ಹಾಗೇ ಅಂತ ಸುಮಾರು ಜನ ವಿವರಿಸುತ್ತಾರೆ. ಹೋಲಿಕೆ ಅರ್ಧ ಸರಿ. ಪೈಪಿಗೆ ಜೀವ ಇಲ್ಲ, ರಕ್ತನಾಳಕ್ಕೆ ಇದೆ. ಅದರ ಗೋಡೆಯ ನಡುಪದರದಲ್ಲಿ ನಯವಾದ ಸ್ನಾಯುಕೋಶಗಳಿವೆ. ಫಾಸ್ಫೇಟ್ ಹೆಚ್ಚಿರುವ ದ್ರವದಲ್ಲಿ ಈ ಕೋಶಗಳನ್ನು ಬೆಳೆಸಿದಾಗ, ಅವು ಸ್ನಾಯುವಿನ ಗುಣ ಬಿಟ್ಟು ಮೂಳೆ ಕಟ್ಟುವ ಕೋಶಗಳ ಹಾಗೆ ವರ್ತಿಸತೊಡಗಿದವು ಎಂದು 2000ದಲ್ಲೇ ಸಿಯಾಟಲ್‌ನ ಸಂಶೋಧಕರು ತೋರಿಸಿದರು. ಸುಣ್ಣ ಸುಮ್ಮನೆ ಬಂದು ಅಂಟಿಕೊಳ್ಳುವುದಿಲ್ಲ. ರಕ್ತನಾಳ ತಾನೇ ಮೂಳೆಯಾಗಲು ಹೊರಡುತ್ತದೆ.

ಇದಕ್ಕೆ ದೇಹದಲ್ಲಿ ಬ್ರೇಕ್‌ಗಳೂ ಇವೆ. ಒಂದರ ಹೆಸರು ಮ್ಯಾಟ್ರಿಕ್ಸ್ ಗ್ಲಾ ಪ್ರೋಟೀನ್. 1997ರಲ್ಲಿ ಈ ಪ್ರೋಟೀನ್ ಇಲ್ಲದ ಇಲಿಗಳನ್ನು ಪ್ರಯೋಗಾಲಯದಲ್ಲಿ ಸೃಷ್ಟಿಸಿದಾಗ, ಅವು ರಕ್ತನಾಳ ಸುಣ್ಣಗಟ್ಟಿ, ಒಡೆದು ಎರಡು ತಿಂಗಳೊಳಗೆ ಸತ್ತವು. ಈ ಬ್ರೇಕ್ ಕೆಲಸ ಮಾಡಲು ವಿಟಮಿನ್ ಕೆ ಬೇಕು. ರಕ್ತ ಹೆಪ್ಪುಗಟ್ಟದಿರಲೆಂದು ಕೊಡುವ ವಾರ್ಫರಿನ್ ತಡೆಯುವುದು ಅದೇ ವಿಟಮಿನ್ನಿನ ಕೆಲಸವನ್ನು. ಹಾಗಂತ ಯಾರೂ ವಾರ್ಫರಿನ್ ತಾವೇ ನಿಲ್ಲಿಸಬಾರದು, ಪ್ರಾಣಕ್ಕೆ ಅಪಾಯ. ವೈದ್ಯರ ಹತ್ತಿರ ಕೇಳಬೇಕಾದ ಪ್ರಶ್ನೆ ಅದು.

ನಡುಪದರದ ಈ ಸುಣ್ಣವನ್ನು ಜರ್ಮನಿಯ ಮೋಂಕೆಬರ್ಗ್ 1903ರಲ್ಲೇ ವಿವರಿಸಿದ್ದ. ಕೊಬ್ಬು ಕಟ್ಟಿ ನಾಳ ಮುಚ್ಚುವ ಮಾಮೂಲಿ ಹಾರ್ಟ್ ಅಟ್ಯಾಕ್‌ನ ಕಥೆ ಬೇರೆ, ಇದು ಬೇರೆ. ಡಯಾಲಿಸಿಸ್ ರೋಗಿಗಳಲ್ಲಿ ಎರಡೂ ಇರಬಹುದು, ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ಬೇಗ. ನಡುಪದರ ಗಟ್ಟಿಯಾದರೆ ನಾಳ ಮುಚ್ಚುವುದಿಲ್ಲ, ಹಿಗ್ಗುವುದನ್ನು ಮರೆಯುತ್ತದೆ. ಹೃದಯ ಒಮ್ಮೆ ಒತ್ತಿದಾಗ ಮಹಾಪಧಮನಿ ಹಿಗ್ಗಿ ಒಂದಷ್ಟು ರಕ್ತ ಹಿಡಿದಿಟ್ಟುಕೊಂಡು, ಹೃದಯ ಸಡಿಲವಾದಾಗ ಅದನ್ನು ಮುಂದಕ್ಕೆ ತಳ್ಳಬೇಕು. ಗೋಡೆ ಕಲ್ಲಾದರೆ ಒತ್ತಡದ ಅಲೆ ಅತಿ ವೇಗವಾಗಿ ಓಡಿ, ತಿರುಗಿ ಬಂದು ಹೃದಯಕ್ಕೇ ಬಡಿಯುತ್ತದೆ. ಬಿಪಿಯ ಮೇಲಿನ ಅಂಕಿ ಏರುತ್ತದೆ, ಕೆಳಗಿನದು ಇಳಿಯುತ್ತದೆ. ಹೃದಯದ ಸ್ನಾಯು ದಪ್ಪವಾಗುತ್ತದೆ. ಆ ಸ್ನಾಯುವಿಗೆ ರಕ್ತ ಸಿಗುವುದು ಮುಖ್ಯವಾಗಿ ಹೃದಯ ಸಡಿಲವಾದ ಹೊತ್ತಿನಲ್ಲಿ. ಆಗಲೇ ಒತ್ತಡ ಕಡಿಮೆ. ಕೆಲಸ ಜಾಸ್ತಿ, ಕೂಲಿ ಕಡಿಮೆ ಅನ್ನುವ ಸ್ಥಿತಿ. ಮುಂದೆ ಕಸಿಗೆ ಕಿಡ್ನಿ ಸಿಕ್ಕರೂ, ಅದನ್ನು ಜೋಡಿಸಬೇಕಾದ ಹೊಟ್ಟೆಯ ಕೆಳಭಾಗದ ರಕ್ತನಾಳ ಗಟ್ಟಿಯಾಗಿದ್ದರೆ ಹೊಲಿಗೆ ಹಾಕುವುದೇ ಕಷ್ಟ.

ಇನ್ನು ಮಾತ್ರೆಯ ವಿಷಯ. ಊಟದಲ್ಲಿನ ಫಾಸ್ಫರಸ್ ಅನ್ನು ಕರುಳಿನಲ್ಲೇ ಕಟ್ಟಿಹಾಕಲು ಬೈಂಡರ್ ಕೊಡುತ್ತಾರೆ. ಅಗ್ಗದ್ದು ಕ್ಯಾಲ್ಸಿಯಂ ಕಾರ್ಬೊನೇಟ್ ಅಥವಾ ಅಸಿಟೇಟ್. ಕ್ಯಾಲ್ಸಿಯಂ ಇಲ್ಲದ್ದು ಸೆವಲಮರ್, ಲ್ಯಾಂಥನಮ್, ಬೆಲೆ ಹೆಚ್ಚು. ಲಾಸ್ ಏಂಜಲಿಸ್ ಅಧ್ಯಯನದಲ್ಲಿ ಸುಣ್ಣ ಕಟ್ಟಿದ್ದ ಯುವಕರು, ಕಟ್ಟದವರಿಗಿಂತ ಸುಮಾರು ಎರಡರಷ್ಟು ಕ್ಯಾಲ್ಸಿಯಂ ಅನ್ನು ಬೈಂಡರ್ ಮೂಲಕವೇ ನುಂಗುತ್ತಿದ್ದರು. ಕೆಡಿಗೋ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ 2017ರಲ್ಲಿ ಕ್ಯಾಲ್ಸಿಯಂ ಬೈಂಡರ್‌ನ ಪ್ರಮಾಣ ಮಿತಿಯಲ್ಲಿರಲಿ ಎಂದು ಸಲಹೆ ಕೊಟ್ಟಿತು. ಬಡವರಿಗೆ ಕೈಗೆಟಕುವ ಮಾತ್ರೆಯೇ ಹುಷಾರಾಗಿ ಬಳಸಬೇಕಾದ ಮಾತ್ರೆ. ಇದು ವೈದ್ಯಕೀಯ ಪ್ರಶ್ನೆ ಮಾತ್ರ ಅಂತ ನನಗೆ ಅನಿಸುವುದಿಲ್ಲ. ಜೊತೆಗೆ ಬೈಂಡರ್ ಕೆಲಸ ಮಾಡುವುದು ಊಟದ ಜೊತೆ ತಿಂದರೆ ಮಾತ್ರ. ತಾಲ್ಲೂಕು ಆಸ್ಪತ್ರೆಯೊಂದರ ಡಯಾಲಿಸಿಸ್ ಘಟಕದ ಹೊರಗೆ ಮಾತಿಗೆ ಸಿಕ್ಕ ಆಟೋ ಓಡಿಸುವ ಅಣ್ಣ ಒಬ್ಬರು ಎಲ್ಲ ಮಾತ್ರೆಗಳನ್ನೂ ಒಟ್ಟಿಗೆ ರಾತ್ರಿ ಮಲಗುವಾಗ ನುಂಗುತ್ತಿದ್ದರು. ಖಾಲಿ ಹೊಟ್ಟೆಯಲ್ಲಿ ಕಟ್ಟಿಹಾಕುವುದಕ್ಕೆ ಏನಿರುತ್ತದೆ? ಅವರಿಗೆ ಇದನ್ನು ಕೂರಿಸಿ ಹೇಳಿದವರು ಯಾರೂ ಇರಲಿಲ್ಲ.

ಊಟದ ವಿಷಯದಲ್ಲೂ ಭಯವೇ ಜಾಸ್ತಿ, ಮಾಹಿತಿ ಕಡಿಮೆ. ಧಾನ್ಯ, ಕಾಳುಗಳ ಫಾಸ್ಫರಸ್ ಹೆಚ್ಚಿನಂಶ ಫೈಟೇಟ್ ರೂಪದಲ್ಲಿರುತ್ತದೆ. ನಮ್ಮ ಕರುಳಿಗೆ ಅದನ್ನು ಪೂರ್ತಿ ಬಿಡಿಸಿಕೊಳ್ಳಲು ಬರುವುದಿಲ್ಲ. ಹಾಲು, ಮಾಂಸದ್ದು ಅದಕ್ಕಿಂತ ಹೆಚ್ಚು ಒಳಗೆ ಹೋಗುತ್ತದೆ. ಕಾರ್ಖಾನೆಯಲ್ಲಿ ಸೇರಿಸಿದ ಫಾಸ್ಫೇಟ್ ಮಾತ್ರ ಶೇ 90ರ ಆಸುಪಾಸು ರಕ್ತಕ್ಕೆ ಸೇರುತ್ತದೆ. ಕೋಲಾ, ಸಂಸ್ಕರಿಸಿದ ಚೀಸ್, ಪ್ಯಾಕೆಟ್ ಮಾಂಸ, ಕೆಲವು ಇನ್‌ಸ್ಟಂಟ್ ತಿಂಡಿಗಳಲ್ಲಿ ಇದು ಇರುತ್ತದೆ. ಪ್ಯಾಕೆಟ್ ಹಿಂದೆ ಐಎನ್‌ಎಸ್ 338ರಿಂದ 341, 450ರಿಂದ 452 ಅಂತ ಇದ್ದರೆ ಅದೇ. ಎಷ್ಟು ಅಂತ ಮಾತ್ರ ಬರೆದಿರುವುದಿಲ್ಲ. ನಮ್ಮ ಲೇಬಲ್ ನಿಯಮದಲ್ಲಿ ಸಕ್ಕರೆ, ಕೊಬ್ಬು, ಸೋಡಿಯಂ ಪ್ರಮಾಣ ಕಡ್ಡಾಯ, ಫಾಸ್ಫರಸ್‌ದು ಕಡ್ಡಾಯವಲ್ಲ. ಮುದ್ದೆ ಬಿಡಿ ಎನ್ನುವ ಮೊದಲು ಕೋಲಾ ಬಿಡಿಸಬೇಕು ಅನ್ನುವುದು ನನ್ನ ಅಭಿಪ್ರಾಯ. ಮುದ್ದೆ ಎಷ್ಟು ಅನ್ನುವುದನ್ನು ರಿಪೋರ್ಟ್ ನೋಡಿ ಡಯಟಿಷಿಯನ್ ಹೇಳಲಿ. ಪ್ರೋಟೀನ್ ಪೂರ್ತಿ ಬಿಟ್ಟು ಸೊರಗಿದರೆ ಅದೂ ಅಪಾಯವೇ.

ಈಗ ಸರ್ಕಾರದ ಲೆಕ್ಕಕ್ಕೆ ಬರೋಣ. 2016ರ ಬಜೆಟ್ ಭಾಷಣದಲ್ಲಿ ಅರುಣ್ ಜೇಟ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಿಸಿದರು. ದೇಶದಲ್ಲಿ ವರ್ಷಕ್ಕೆ 2.2 ಲಕ್ಷ ಹೊಸ ರೋಗಿಗಳು, ಅವರಿಗೆ ಹೆಚ್ಚುವರಿಯಾಗಿ 3.4 ಕೋಟಿ ಸೆಷನ್ ಬೇಕು, ಒಂದಕ್ಕೆ ಸುಮಾರು 2000 ರೂಪಾಯಿ ಎಂದರು. ಭಾಗಿಸಿ ನೋಡಿ, ತಲೆಗೆ ವರ್ಷಕ್ಕೆ 154 ಸೆಷನ್ ಬರುತ್ತದೆ. ಅಂದರೆ ವಾರಕ್ಕೆ ಮೂರು. ಸರ್ಕಾರದ ಅಂದಾಜೇ ವಾರಕ್ಕೆ ಮೂರು ಅನ್ನುತ್ತದೆ. ನಮ್ಮಲ್ಲಿ ಬಹಳಷ್ಟು ಜನ ವಾರಕ್ಕೆ ಎರಡರಲ್ಲೇ ಬದುಕುತ್ತಿದ್ದಾರೆ. ಯಂತ್ರ ಖಾಲಿ ಇಲ್ಲ, ಬಸ್ ಚಾರ್ಜ್ ಇಲ್ಲ, ಮೂರನೇ ದಿನವೂ ಕೂಲಿ ಬಿಟ್ಟರೆ ಮನೆ ನಡೆಯುವುದಿಲ್ಲ. ಯೋಜನೆ ಬೇಡ ಅಂತ ನಾನು ಹೇಳುತ್ತಿಲ್ಲ, ಅದು ಲಕ್ಷಾಂತರ ಜನರ ಜೀವ ಹಿಡಿದಿದೆ. ಆದರೆ ಸರ್ಕಾರಗಳು ಸಾಧನೆ ಅಂತ ಎಣಿಸುವುದು ಕೇಂದ್ರ, ಯಂತ್ರ, ಸೆಷನ್‌ಗಳನ್ನು. ಎಷ್ಟು ರೋಗಿಗಳಿಗೆ ಮೂರನೇ ಸೆಷನ್ ಸಿಕ್ಕಿತು, ಎಷ್ಟು ಜನರ ಫಾಸ್ಫರಸ್ ಹತೋಟಿಯಲ್ಲಿದೆ, ಬೈಂಡರ್‌ಗೆ ಯಾರು ದುಡ್ಡು ಕೊಟ್ಟರು ಅನ್ನುವುದನ್ನು ಶಾಸಕರ ಹತ್ತಿರ, ಸದನದಲ್ಲಿ ಕೇಳಿಸಬೇಕು. ಇವಕ್ಕೂ ಅಂಕಿಯಲ್ಲೇ ಉತ್ತರ ಕೊಡಬಹುದು.

ಕಟ್ಟಿದ ಸುಣ್ಣವನ್ನು ಕರಗಿಸುವುದು ಖಚಿತ ಎನ್ನುವಂಥ ಔಷಧ ಇಲ್ಲ. ಸಿನಕಾಲ್ಸೆಟ್ ಮೇಲೆ 3883 ರೋಗಿಗಳನ್ನಿಟ್ಟುಕೊಂಡು ನಡೆದ ಟ್ರಯಲ್, 2012ರಲ್ಲಿ, ಸಾವು ಮತ್ತು ಹೃದಯದ ತೊಂದರೆ ಕಡಿಮೆಯಾಯಿತೆಂದು ಮುಖ್ಯ ಲೆಕ್ಕದಲ್ಲಿ ಸಾಬೀತುಪಡಿಸಲಾಗಲಿಲ್ಲ. ಧಾನ್ಯದ ಫೈಟೇಟ್ ಕುಟುಂಬದ ಒಂದು ಔಷಧವನ್ನು ಡಯಾಲಿಸಿಸ್ ವೇಳೆ ರಕ್ತಕ್ಕೇ ಕೊಟ್ಟ ಟ್ರಯಲ್‌ನಲ್ಲಿ, 2020ರ ವರದಿಯ ಪ್ರಕಾರ, ಒಂದು ವರ್ಷದಲ್ಲಿ ಹೃದಯದ ಸುಣ್ಣ ಬೆಳೆದದ್ದು ಶೇ 11. ಔಷಧ ಕೊಡದವರಲ್ಲಿ ಶೇ 20. ಬೆಳವಣಿಗೆ ನಿಧಾನವಾಯಿತು, ಅಷ್ಟೇ.

ಹಾಗಾಗಿ ಮನೆಯಲ್ಲಿ ಡಯಾಲಿಸಿಸ್‌ನಲ್ಲಿರುವವರು ಇದ್ದರೆ ರಿಪೋರ್ಟ್ ಫೈಲ್ ತೆಗೆದು ನೋಡಿ. ಫಾಸ್ಫರಸ್, ಕ್ಯಾಲ್ಸಿಯಂ ಪರೀಕ್ಷೆ ಒಂದರಿಂದ ಮೂರು ತಿಂಗಳಿಗೊಮ್ಮೆ, ಪಿಟಿಎಚ್ ಮೂರರಿಂದ ಆರು ತಿಂಗಳಿಗೊಮ್ಮೆ ಆಗಬೇಕು ಅನ್ನುತ್ತದೆ ಕೆಡಿಗೋ. ಫಾಸ್ಫರಸ್‌ನ ಸಹಜ ಮಟ್ಟ ಡೆಸಿಲೀಟರ್‌ಗೆ ಸುಮಾರು 2.5ರಿಂದ 4.5 ಮಿಲಿಗ್ರಾಂ. ಸುಣ್ಣ ಕಟ್ಟಿದೆಯೇ ನೋಡಲು ದುಬಾರಿ ಸ್ಕ್ಯಾನೇ ಬೇಕೆಂದಿಲ್ಲ. ಹೊಟ್ಟೆಯನ್ನು ಪಕ್ಕದಿಂದ ತೆಗೆದ ಸಾದಾ ಎಕ್ಸ್‌ರೇಯಲ್ಲಿ ಬೆನ್ನುಮೂಳೆಯ ಮುಂದೆ ಮಹಾಪಧಮನಿ ಬಿಳಿ ಗೆರೆಯಾಗಿ ಕಾಣುತ್ತದೆ. ಎಕ್ಸ್‌ರೇ ಯಂತ್ರ ತಾಲ್ಲೂಕು ಆಸ್ಪತ್ರೆಯಲ್ಲೂ ಇದೆ.