ಒಪ್ಪವೂ ಕಾಪೂ: ಮೋಟಾರು ಗಾಲಿಯ ಲೋಹಚರಿತ್ರೆ

ಹಳೆಯ ಮೋಟಾರು ಕಾರುಗಳನ್ನು ಅಕ್ಕರೆಯಿಂದ ಇಟ್ಟುಕೊಂಡಿರುವವರು ಎಲ್ಲ ದೇಶಗಳಲ್ಲಿಯೂ ಉಂಟು. ರಜೆಯ ದಿನ ಬಂದಿತೆಂದರೆ ಅವರಲ್ಲಿ ಕೆಲವರು ಕಾರಿನ ಗಾಲಿಗಳನ್ನು ಬಿಚ್ಚಿ, ಟೈರು ಕಳಚಿಸಿ, ಹಿತ್ತಿಲಲ್ಲಿ ಹಲಗೆಯ ಮೇಲೆ ಮಲಗಿಸಿ, ಮಾಸಿದ ಬಣ್ಣವನ್ನು ತೆಗೆದು, ಒಳಗಿನ ಬಿಳಿಯ ಲೋಹವು ಕನ್ನಡಿಯಂತೆ ಹೊಳೆಯುವವರೆಗೆ ಉಜ್ಜುತ್ತ ಕೂಡುತ್ತಾರೆ. ಅಲಾಯ್ ವೀಲ್ ಎಂದು ಕರೆಯಲ್ಪಡುವ ಈ ಮಿಶ್ರಲೋಹದ ಗಾಲಿಗೆ ಒಂದು ಶತಮಾನದ ಚರಿತ್ರೆಯಿದೆ. ಅದನ್ನು ತಿಳಿಯದೆ ಉಜ್ಜಲು ಹೊರಟವನು ಕೊಳೆಯೊಡನೆ ಗಾಲಿಯ ಕಾಪನ್ನೂ ತೆಗೆದುಬಿಡುವ ಅಪಾಯವಿದೆ. ಆದುದರಿಂದ ಈ ಚರಿತ್ರೆಯನ್ನು ಸ್ವಲ್ಪ ನೋಡೋಣ.

ಕನ್ನಡದಲ್ಲಿ 'ಒಪ್ಪ' ಎಂಬ ಹಳೆಯ ಮಾತಿದೆ. ಅದಕ್ಕೆ ಅಂದವೆಂದೂ ಹೊಳಪೆಂದೂ ಅರ್ಥ. 'ಒಪ್ಪವಿಡು' ಎಂದರೆ ಉಜ್ಜಿ ಹೊಳೆಯಿಸು ಎಂದರ್ಥ. ನಮ್ಮ ಮನೆಗಳ ಹಿತ್ತಾಳೆಯ ಪಾತ್ರೆಗೆ ಎರಡು ಬಗೆಯ ಹೊಳಪುಂಟು. ಹೊರಮೈಯನ್ನು ಹುಣಸೆಹಣ್ಣಿನಿಂದ ತಿಕ್ಕಿ ತರುವ ಹೊಳಪು ಒಂದು, ಒಳಮೈಗೆ ಕಲಾಯಿ ಹಾಕಿಸಿ ತರುವ ಹೊಳಪು ಇನ್ನೊಂದು. ಮೊದಲನೆಯದು ಅಂದಕ್ಕೆ, ಎರಡನೆಯದು ಕಾಪಿಗೆ. ಕಲಾಯಿಯನ್ನೇ ಉಜ್ಜಿ ತೆಗೆದರೆ ಒಳಗಿನ ಹಿತ್ತಾಳೆಯೂ ಹೊಳೆಯುತ್ತದೆ, ನಿಜ. ಆದರೆ ಮರುದಿನ ಅದರಲ್ಲಿಟ್ಟ ಹುಳಿ ಕಿಲುಬಾಗುತ್ತದೆ. ಗಾಲಿಯ ವಿಷಯದಲ್ಲಿಯೂ ಈ ಎರಡನ್ನು ಬೇರೆಬೇರೆಯಾಗಿ ಗುರುತಿಸಬೇಕು.

ಈ ಗಾಲಿಗಳ ಮುಖ್ಯ ಲೋಹ ಅಲ್ಯುಮಿನಿಯಂ. ಡೆನ್ಮಾರ್ಕಿನ ಅರ್ಸ್ಟೆಡ್ 1825ರಲ್ಲಿಯೂ ಜರ್ಮನಿಯ ವ್ಯೋಲರ್ 1827ರಲ್ಲಿಯೂ ಇದನ್ನು ಮೊದಲು ಬೇರ್ಪಡಿಸಿದರು. ಬಹುಕಾಲ ಇದು ಅಪೂರ್ವ ವಸ್ತುವಾಗಿಯೇ ಉಳಿಯಿತು. 1884ರಲ್ಲಿ ಅಮೆರಿಕದ ವಾಷಿಂಗ್ಟನ್ ಸ್ಮಾರಕಸ್ತಂಭದ ತುದಿಗೆ 100 ಔನ್ಸು ತೂಕದ ಅಲ್ಯುಮಿನಿಯಂ ಶಿಖರವನ್ನು ಇಟ್ಟಾಗ ಈ ಲೋಹದ ಬೆಲೆ ಬೆಳ್ಳಿಯ ಬೆಲೆಗೆ ಹತ್ತಿರವಾಗಿತ್ತು. ಎರಡೇ ವರ್ಷಗಳಲ್ಲಿ, 1886ರಲ್ಲಿ, ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಎರೂ ಎಂಬ ಇಬ್ಬರು ತರುಣರು, ಒಬ್ಬರನ್ನೊಬ್ಬರು ಅರಿಯದೆ, ವಿದ್ಯುಚ್ಛಕ್ತಿಯಿಂದ ಇದನ್ನು ತೆಗೆಯುವ ಒಂದೇ ಮಾರ್ಗವನ್ನು ಕಂಡುಹಿಡಿದರು. ವಿಚಿತ್ರವೆಂದರೆ ಇಬ್ಬರೂ ಹುಟ್ಟಿದ್ದು 1863ರಲ್ಲಿ, ಇಬ್ಬರೂ ತೀರಿಕೊಂಡದ್ದು 1914ರಲ್ಲಿ. ಅವರ ದೆಸೆಯಿಂದ ಬೆಲೆ ಇಳಿದು ಅಲ್ಯುಮಿನಿಯಂ ಅಡುಗೆಮನೆಗೂ ಬಂದಿತು, ಕಾರ್ಖಾನೆಗೂ ಹೋಯಿತು.

ಅಲ್ಯುಮಿನಿಯಂ ಉಕ್ಕಿನ ಮೂರನೆಯ ಒಂದು ಪಾಲಿನಷ್ಟೇ ಭಾರ. ಆದರೆ ಶುದ್ಧರೂಪದಲ್ಲಿ ಬಲು ಮೃದು. ಅದಕ್ಕೆ ಗಟ್ಟಿತನ ಬಂದ ಬಗೆಯೇ ಒಂದು ಸೋಜಿಗ. ಜರ್ಮನಿಯ ಆಲ್ಫ್ರೆಡ್ ವಿಲ್ಮ್ ಎಂಬ ಲೋಹಶಾಸ್ತ್ರಜ್ಞನು 1906ರಲ್ಲಿ, ತಾಮ್ರವನ್ನೂ ಸ್ವಲ್ಪ ಮೆಗ್ನೀಸಿಯಮ್ಮನ್ನೂ ಬೆರೆಸಿದ ಅಲ್ಯುಮಿನಿಯಮ್ಮನ್ನು ಕಾಯಿಸಿ ಥಟ್ಟನೆ ತಣಿಸಿ ನೋಡಿದನು. ಆಗ ಅದು ಮೃದುವಾಗಿಯೇ ಇತ್ತು. ಒಂದೆರಡು ದಿನ ಕಳೆದು ಮತ್ತೆ ಪರೀಕ್ಷಿಸಿದಾಗ, ಯಾರೂ ಮುಟ್ಟದಿದ್ದರೂ, ತಾನಾಗಿಯೇ ಗಟ್ಟಿಯಾಗಿತ್ತು! ಲೋಹದ ಒಳಗೆ ಕಣ್ಣಿಗೆ ಕಾಣದ ಕಣಗಳು ಮೆಲ್ಲಮೆಲ್ಲನೆ ಕೂಡಿಕೊಂಡು ಅದನ್ನು ಬಿಗಿಗೊಳಿಸುತ್ತವೆಂಬುದು ಅನಂತರ ತಿಳಿಯಿತು. ಇಂದಿನ ಎರಕದ ಗಾಲಿಗಳನ್ನು ಸಾಮಾನ್ಯವಾಗಿ ನೂರಕ್ಕೆ ಸುಮಾರು 7 ಪಾಲು ಸಿಲಿಕಾನ್ ಮತ್ತು ಒಂದು ಚಿಟಿಕೆ ಮೆಗ್ನೀಸಿಯಂ ಬೆರೆತ ಅಲ್ಯುಮಿನಿಯಮ್ಮಿನಿಂದ ಎರಕಹೊಯ್ಯುತ್ತಾರೆ. ಅವುಗಳಲ್ಲಿ ಹಲವನ್ನು ಸುಮಾರು 540 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿ, ನೀರಿನಲ್ಲಿ ತಣಿಸಿ, ಮತ್ತೆ 150ರಿಂದ 170 ಡಿಗ್ರಿಯ ಹದವಾದ ಶಾಖದಲ್ಲಿ ಕೆಲವು ಗಂಟೆ ಇಟ್ಟು ಬಲಗೊಳಿಸುತ್ತಾರೆ. ಓದುಗರು ಈ ಅಂಕಿಯನ್ನು ನೆನಪಿಡಬೇಕು, ಮುಂದೆ ಬೇಕಾಗುತ್ತದೆ.

ಮಿಶ್ರಲೋಹದ ಗಾಲಿ ಲೋಕದ ಕಣ್ಣಿಗೆ ಬಿದ್ದದ್ದು ಫ್ರಾನ್ಸಿನಲ್ಲಿ. 1924ರ ಆಗಸ್ಟ್ 3ರಂದು ಲಿಯೋನ್ ನಗರದ ಬಳಿ ನಡೆದ ಗ್ರಾಂಡ್ ಪ್ರೀ ಪಂದ್ಯಕ್ಕೆ ಎತ್ತೊರೆ ಬುಗಾಟ್ಟಿಯು ತನ್ನ 35ನೆಯ ನಮೂನೆಯ ಕಾರುಗಳನ್ನು ತಂದನು. ಇತರರ ಕಾರುಗಳಿಗೆ ತಂತಿಯ ಕಡ್ಡಿಗಳ ಗಾಲಿಗಳಿದ್ದರೆ, ಇವನ ಕಾರಿಗೆ ಎಂಟು ಚಪ್ಪಟೆ ಕಡ್ಡಿಗಳುಳ್ಳ ಎರಕದ ಅಲ್ಯುಮಿನಿಯಂ ಗಾಲಿಗಳು; ಬ್ರೇಕಿನ ಡ್ರಮ್ಮು ಸಹ ಗಾಲಿಯೊಡನೆಯೇ ಎರಕಗೊಂಡಿತ್ತು. ಅಂದಿನ ಪಂದ್ಯದಲ್ಲಿ ಟೈರುಗಳು ಕೈಕೊಟ್ಟುದರಿಂದ ಬುಗಾಟ್ಟಿ ಸೋತನು. ಗೆದ್ದವನು ಆಲ್ಫಾ ರೊಮಿಯೋ ಕಾರಿನ ಕಂಪಾರಿ. ಆದರೂ ಗಾಲಿಯ ತತ್ತ್ವ ಸೋಲಲಿಲ್ಲ. ಕಾರಿನ ಮೈಭಾರವನ್ನು ಸ್ಪ್ರಿಂಗುಗಳು ಹೊರುತ್ತವೆ. ಗಾಲಿಯ ಭಾರವನ್ನು ಹೊರುವ ಸ್ಪ್ರಿಂಗು ಯಾವುದೂ ಇಲ್ಲ. ಗಾಲಿ ಹಗುರವಾದಷ್ಟೂ ಅದು ರಸ್ತೆಯ ಏರುತಗ್ಗುಗಳನ್ನು ಬಿಡದೆ ಹಿಂಬಾಲಿಸುತ್ತದೆ. ಹೀಗೆ ಹಗುರ ಗಾಲಿ ಹುಟ್ಟಿದ್ದು ಶೋಕಿಗಾಗಿ ಅಲ್ಲ, ಓಟದ ಅಗತ್ಯಕ್ಕಾಗಿ.

ಎರಡನೆಯ ಮಹಾಯುದ್ಧದ ಅನಂತರ ಓಟದ ಕಾರುಗಳಿಗೆ ಅಲ್ಯುಮಿನಿಯಮ್ಮಿಗಿಂತಲೂ ಹಗುರವಾದ ಮೆಗ್ನೀಸಿಯಂ ಗಾಲಿಗಳು ಬಂದವು. ಅಮೆರಿಕದಲ್ಲಿ ಈ ಕೆಲಸಕ್ಕೆ ಹೆಸರಾದವನು ಹಾಲಿಬ್ರಾಂಡ್. 'ಮ್ಯಾಗ್ ವೀಲ್' ಎಂಬ ರೂಢಿಯ ಮಾತು ಬಂದದ್ದು ಈ ಲೋಹದಿಂದ. ಮುಂದೆ ಅಲ್ಯುಮಿನಿಯಂ ಗಾಲಿಗೂ ಜನ ಅದೇ ಹೆಸರನ್ನು ಅಂಟಿಸಿದರು. ಈ ಹೆಸರಿನ ಗೊಂದಲ ಅಪಾಯಕಾರಿ. ಮೆಗ್ನೀಸಿಯಮ್ಮಿನ ನುಣ್ಣನೆಯ ಪುಡಿಗೆ ಬೆಂಕಿ ಹತ್ತುತ್ತದೆ. ಹತ್ತಿದ ಬೆಂಕಿಗೆ ನೀರು ಸುರಿದರೆ ಇನ್ನೂ ಉರಿಯುತ್ತದೆ. 1955ರ ಜೂನ್ 11ರಂದು ಫ್ರಾನ್ಸಿನ ಲ ಮಾನ್ ಪಂದ್ಯದಲ್ಲಿ 80ಕ್ಕೂ ಹೆಚ್ಚು ಜನ ಮಡಿದ ದುರಂತ ನಡೆದಾಗ, ಸಿಡಿದುಬಿದ್ದ ಕಾರಿನ ಹೊರಮೈ ಮೆಗ್ನೀಸಿಯಂ ಮಿಶ್ರಲೋಹದ್ದಾಗಿತ್ತು. ನೀರು ಹಾಕಿದಷ್ಟೂ ಜ್ವಾಲೆ ಹೆಚ್ಚಿತು. ಆದುದರಿಂದ ಹಳೆಯ ಓಟದ ಗಾಲಿಯನ್ನು ಉಜ್ಜುವ ಮೊದಲು ಅದರ ಲೋಹ ಯಾವುದೆಂದು ತಿಳಿಯಬೇಕು. ಮರೆಯಾದ ಒಂದು ಮೂಲೆಯಲ್ಲಿ ಬಣ್ಣ ಕೆರೆದು ಒಂದು ಹನಿ ವಿನೆಗರ್ ಬಿಟ್ಟರೆ ಮೆಗ್ನೀಸಿಯಂ ನೊರೆಯೆದ್ದು ಕುದಿಯುತ್ತದೆ, ಅಲ್ಯುಮಿನಿಯಂ ಸುಮ್ಮನಿರುತ್ತದೆ. ನೊರೆ ಎದ್ದರೆ ಆ ಗಾಲಿ ಮನೆಯ ಕೆಲಸಕ್ಕೆ ತಕ್ಕುದಲ್ಲ.

ಇನ್ನು ಕಾಪಿನ ಮಾತು. ಅಲ್ಯುಮಿನಿಯಂ ಗಾಳಿಗೆ ಸೋಕಿದ ಕ್ಷಣವೇ ತನ್ನ ಮೇಲೆ ಆಕ್ಸೈಡಿನ ತೆಳುಪೊರೆಯೊಂದನ್ನು ಹೊದ್ದುಕೊಳ್ಳುತ್ತದೆ. ನಮ್ಮ ಕಡೆ ಸಾಣೆ ಹಿಡಿಯಲು ಬಳಸುತ್ತಿದ್ದ ಕುರುಂದದ ಕಲ್ಲು ರಾಸಾಯನಿಕವಾಗಿ ಇದೇ ವಸ್ತು. ಇಂಗ್ಲಿಷಿನ 'ಕೊರಂಡಮ್' ಎಂಬ ಹೆಸರು ಹೋದದ್ದೂ ನಮ್ಮ ದಕ್ಷಿಣದೇಶದ ಭಾಷೆಗಳಿಂದಲೇ. ಮೈಸೂರು ಸೀಮೆಯಲ್ಲಿ ಈ ಕಲ್ಲು ಸಿಗುತ್ತದೆ. ಅಲ್ಯುಮಿನಿಯಂ ಉಳಿದಿರುವುದೇ ಈ ಪೊರೆಯಿಂದ. ಇದನ್ನು ವಿದ್ಯುತ್ತಿನಿಂದ ದಪ್ಪಗೊಳಿಸುವ ಕ್ರಮವನ್ನು 1923ರಲ್ಲಿ ಬ್ರಿಟನ್ನಿನ ಬೆಂಗೊ ಮತ್ತು ಸ್ಟುವರ್ಟ್ ಎಂಬವರು ರೂಪಿಸಿದರು. ಸಮುದ್ರವಿಮಾನಗಳ ಲೋಹವನ್ನು ಉಪ್ಪುನೀರಿನಿಂದ ಉಳಿಸುವುದು ಆಗಿನ ಉದ್ದೇಶ. ಇದಕ್ಕೆ ಆನೋಡೈಸಿಂಗ್ ಎಂದು ಹೆಸರು. 1966ರಲ್ಲಿ ಪೋರ್ಷೆ ಕಂಪನಿಯ 911-ಎಸ್ ಕಾರಿಗೆ ಬಂದ ಪ್ರಸಿದ್ಧವಾದ ಐದು ಎಸಳಿನ ಫುಕ್ಸ್ ಗಾಲಿಗೆ ಈ ಪೊರೆಯೇ ಕವಚ. ಆ ಗಾಲಿ ಎರಕದ್ದಲ್ಲ, ಕುಲುಮೆಯ ಬಡಿತದಂತೆ ಒತ್ತಿ ರೂಪಿಸಿದ್ದು. ಅದರ ಹೊಳಪು ಮಂದವಾದ ರೇಷ್ಮೆಯ ಹೊಳಪು. ಅನೇಕರು ಅದನ್ನು ಮಾಸಲೆಂದು ಭಾವಿಸಿ ಪೊರೆಯನ್ನು ತೆಗೆದು ಕನ್ನಡಿಯಂತೆ ಉಜ್ಜಿದರು. ಈಗ ಮೂಲದ ಪೊರೆ ಉಳಿದಿರುವ ಗಾಲಿಗೇ ಸಂಗ್ರಾಹಕರಲ್ಲಿ ಮನ್ನಣೆ. ಉಳಿದ ಗಾಲಿಗಳಲ್ಲಿ ಬಹುಪಾಲಿಗೆ ಬಣ್ಣ ಮತ್ತು ಅದರ ಮೇಲೆ ತಿಳಿಯಾದ ಲ್ಯಾಕರ್ ಇರುತ್ತದೆ. ಕಲ್ಲು ತಗುಲಿ ಲ್ಯಾಕರ್ ಸೀಳಿದರೆ ನೀರು ಒಳನುಗ್ಗಿ, ಬಿಳಿಯ ಹುಳು ಹರಿದಂತೆ ಗೆರೆಗೆರೆಯಾಗಿ ಲೋಹವನ್ನು ತಿನ್ನುತ್ತದೆ. ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ದೇಶಗಳಲ್ಲಿ ಈ ಬಾಧೆ ಹೆಚ್ಚು.

ಹೀಗೆ ಕೆಟ್ಟ ಬಣ್ಣವನ್ನು ತೆಗೆಯುವುದು ಹೇಗೆ? ಕಾಸ್ಟಿಕ್ ಸೋಡಾದಿಂದ ಎಂದೂ ಅಲ್ಲ. ಒಗೆಯುವ ಸೋಡಾದಿಂದಲೇ ಅಲ್ಯುಮಿನಿಯಂ ಪಾತ್ರೆ ಕಪ್ಪಾಗುವುದನ್ನು ಗೃಹಿಣಿಯರು ಬಲ್ಲರು. ಕಾಸ್ಟಿಕ್ ಸೋಡಾ ಆ ಲೋಹವನ್ನೇ ಕರಗಿಸಿ, ಹತ್ತಿ ಉರಿಯುವ ಜಲಜನಕವನ್ನು ಬಿಡುತ್ತದೆ. ಬೆಂಕಿಯಿಂದಲೂ ಅಲ್ಲ. ಗಾಲಿಗೆ ಬಲ ಬಂದದ್ದು 150ರಿಂದ 170 ಡಿಗ್ರಿಯ ಹದದಲ್ಲಿ ಎಂದು ಹೇಳಿದೆವಷ್ಟೆ. ಬಣ್ಣ ಸುಡಲು ಅದಕ್ಕಿಂತ ಬಹಳ ಹೆಚ್ಚಿನ ಶಾಖದ ಒಲೆಯಲ್ಲಿಟ್ಟರೆ ಆ ಬಲ ಇಳಿಯುತ್ತದೆ. ಹೊರಗೆ ಮಾತ್ರ ಏನೂ ಕಾಣುವುದಿಲ್ಲ. ಹಿಂದೆ ಎಲ್ಲರೂ ಬಳಸುತ್ತಿದ್ದ ಪೇಂಟ್ ರಿಮೂವರುಗಳಲ್ಲಿ ಮೆಥಿಲೀನ್ ಕ್ಲೋರೈಡ್ ಇರುತ್ತಿತ್ತು. ಮುಚ್ಚಿದ ಕೋಣೆಯಲ್ಲಿ ಅದರ ಆವಿ ಪ್ರಾಣವನ್ನೇ ತೆಗೆಯಬಲ್ಲದು. ಅಮೆರಿಕ ಸರ್ಕಾರ 2019ರಲ್ಲಿ ಮನೆಬಳಕೆಗೆ ಅದರ ಮಾರಾಟವನ್ನು ನಿಷೇಧಿಸಿತು. ಅದಿಲ್ಲದ ರಿಮೂವರನ್ನೇ ಆರಿಸಿ, ಬಯಲಿನಲ್ಲಿ, ಕೈಗವಸು ಕನ್ನಡಕಗಳನ್ನು ಧರಿಸಿ ಹಚ್ಚಿ, ಬಣ್ಣ ಉಬ್ಬಿದ ಮೇಲೆ ಪ್ಲಾಸ್ಟಿಕ್ಕಿನ ಕೆರೆಯುವ ಚೂರಿನಿಂದ ತೆಗೆದು, ನೀರಿನಿಂದ ಚೆನ್ನಾಗಿ ತೊಳೆಯಬೇಕು.

ಆಮೇಲೆ ಉಜ್ಜುವ ಕೆಲಸ. ನೀರಿನಲ್ಲಿ ನೆನೆಸಿ ಉಜ್ಜಬಹುದಾದ ವಾಟರ್ ಪೇಪರನ್ನು ಅಮೆರಿಕದ ತ್ರೀ-ಎಮ್ ಕಂಪನಿ 1921ರಲ್ಲಿ ಮಾರುಕಟ್ಟೆಗೆ ತಂದಿತು. ಕಾರುಗಳ ಬಣ್ಣದ ಕೆಲಸದಲ್ಲಿ ಧೂಳು ಅಡಗಿದ್ದು ಅದರಿಂದ. 320ನೆಯ ನಂಬರಿನಿಂದ ತೊಡಗಿ 400, 600, 800, 1000, 1500 ಎಂದು ನುಣುಪಿನತ್ತ ಏರಬೇಕು. ಪ್ರತಿಯೊಂದು ಕಾಗದದಿಂದಲೂ ಹಿಂದಿನ ಗೀರುಗಳಿಗೆ ಅಡ್ಡಲಾಗಿ ಉಜ್ಜಿ, ಅವೆಲ್ಲ ಅಳಿದ ಮೇಲೆಯೇ ಮುಂದಿನದನ್ನು ಹಿಡಿಯಬೇಕು. ಕೊನೆಗೆ ಬಟ್ಟೆಯ ಬಫ್ ಮತ್ತು ಪಾಲಿಶ್. ಆದರೆ ನಟ್ಟುಗಳು ಕೂರುವ ಗುಳಿಗಳನ್ನೂ ಗಾಲಿಯು ಹಬ್ಬಿಗೆ ಆತುಕೊಳ್ಳುವ ಮುಖವನ್ನೂ ಉಜ್ಜಬಾರದು, ಅಲ್ಲಿಗೆ ಬಣ್ಣವನ್ನೂ ಬಳಿಯಬಾರದು. ಅಲ್ಲಿಯ ಅಳತೆ ಕೆಟ್ಟರೆ ನಟ್ಟು ಸಡಿಲುತ್ತದೆ. ಗಾಲಿಯ ಹಿಂಬದಿಯಲ್ಲಿ ರಿಮ್ಮಿನ ಅಳತೆ, ತಯಾರಾದ ಕಾಲ, ತಯಾರಕನ ಗುರುತು ಅಚ್ಚಾಗಿರುತ್ತವೆ. ಶಾಸನದ ಅಕ್ಷರಗಳನ್ನು ಉಳಿಸಿದಂತೆ ಅವನ್ನೂ ಉಳಿಸಬೇಕು.

ಬಣ್ಣ ಹೋದ ಗಾಲಿ ತನ್ನ ನಿಜವನ್ನು ತೋರಿಸುತ್ತದೆ. ಈ ಕೆಲಸದ ದೊಡ್ಡ ಲಾಭ ಹೊಳಪಲ್ಲ, ಇದೇ. ಹಳೆಯ ಗುಂಡಿಯ ಪೆಟ್ಟಿನಿಂದ ಕಡ್ಡಿಯ ಬುಡದಲ್ಲೋ ನಟ್ಟಿನ ಸುತ್ತಲೋ ಕೂದಲೆಳೆಯಂಥ ಬಿರುಕು ಕಂಡರೆ ಉಜ್ಜುವುದನ್ನು ಅಲ್ಲಿಗೇ ನಿಲ್ಲಿಸಬೇಕು. ಪಾಲಿಶಿನಿಂದ ಬಿರುಕು ಮುಚ್ಚಿಹೋಗಬಹುದು, ವಾಸಿಯಾಗದು. ಸಂದೇಹವಿದ್ದರೆ ಬಿರುಕಿನೊಳಗೆ ಇಳಿದು ಅದನ್ನು ಎತ್ತಿ ತೋರಿಸುವ ಬಣ್ಣದ ದ್ರವದ ಪರೀಕ್ಷೆಯನ್ನು ತಿಳಿದವರಿಂದ ಮಾಡಿಸಬೇಕು. ಬಿರುಕಿಲ್ಲದ ಗಾಲಿಗೆ ಒಪ್ಪವಿಟ್ಟ ಮೇಲೆ ಮತ್ತೆ ಲ್ಯಾಕರನ್ನೋ ಆನೋಡೈಸಿಂಗನ್ನೋ ಮಾಡಿಸಬೇಕು. ಇಲ್ಲವೆ ತಿಂಗಳಿಗೊಮ್ಮೆ ಮೇಣ ತಿಕ್ಕುವ ದುಡಿಮೆಗೆ ಸಿದ್ಧನಾಗಿರಬೇಕು. ಕಾರಿಗೆ ಕೂಡಿಸಿ ಒಂದಷ್ಟು ದೂರ ಓಡಿಸಿದ ಬಳಿಕ ನಟ್ಟುಗಳ ಬಿಗಿಯನ್ನು ಮತ್ತೊಮ್ಮೆ ನೋಡಬೇಕು. ಆ ಗಾಲಿಯ ಮೇಲೆ ಕೂರುವವರು ಮನೆಯ ಮಂದಿಯೇ ಅಲ್ಲವೆ?