ಮಕ್ಕಳ ರಸ್ತೆ ಸುರಕ್ಷಾ ಶಿಕ್ಷಣ

ಎಳೆಯ ಮಕ್ಕಳು ರಸ್ತೆಯಲ್ಲಿ ನಡೆಯುವಾಗಲೂ ಅದನ್ನು ದಾಟುವಾಗಲೂ ವಾಹನವನ್ನೇರಿ ಇಳಿಯುವಾಗಲೂ ಅಪಾಯಕ್ಕೀಡಾಗದಂತೆ ಮನೆಯವರೂ ಉಪಾಧ್ಯಾಯರೂ ಸಂಚಾರ ಪೊಲೀಸರೂ ಅವರಿಗೆ ಮಾಡಿಸುವ ಅಭ್ಯಾಸ. 2007ರಲ್ಲಿ ಏಳು ನಗರಸಭೆಗಳನ್ನೂ ಒಂದು ಪುರಸಭೆಯನ್ನೂ 110 ಗ್ರಾಮಗಳನ್ನೂ ಒಳಗೊಂಡು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚಿತವಾಗಿ, ಮರುವರ್ಷ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲೆ, ವಿದ್ಯಾರಣ್ಯಪುರಕ್ಕೂ ಯಲಹಂಕಕ್ಕೂ ನಡುವಣ ಸಿಂಗಾಪುರದಂಥ ಊರುಗಳ ಹಳೆಯ ಹಳ್ಳಿದಾರಿಗಳು ಮಹಾನಗರದ ವಾಹನಸಂದಣಿಯನ್ನು ಹೊರಬೇಕಾಗಿ ಬಂದುದರಿಂದ, ಉತ್ತರ ಬೆಂಗಳೂರಿನಲ್ಲಿ ಈ ಶಿಕ್ಷಣ ಮನೆಯ ಬಾಗಿಲಿನಿಂದಲೇ ಆರಂಭವಾಗತಕ್ಕುದು.

ಮಗುವನ್ನು ಸಣ್ಣ ಗಾತ್ರದ ವಯಸ್ಕನೆಂದು ಬಗೆಯುವುದೇ ಈ ವಿಷಯದಲ್ಲಿ ಮೊದಲ ಪ್ರಮಾದ. ಐದು ವರ್ಷದ ಮಗುವಿನ ಎತ್ತರ ಸುಮಾರು 110 ಸೆಂಟಿಮೀಟರು. ನಿಂತ ಕಾರಿನ ಹಿಂದಿನಿಂದ ಅದಕ್ಕೆ ರಸ್ತೆ ಕಾಣದು, ಚಾಲಕನಿಗೆ ಅದು ಕಾಣದು. ಬರುವ ವಾಹನದ ವೇಗವನ್ನೂ ದೂರವನ್ನೂ ಕೂಡಿಸಿ ಅಳೆಯುವ ಶಕ್ತಿ ಆ ವಯಸ್ಸಿಗೆ ಇನ್ನೂ ಬಲಿತಿರುವುದಿಲ್ಲ. ಗಂಟೆಗೆ 40 ಕಿಲೋಮೀಟರು ವೇಗದ ಸ್ಕೂಟರು ಒಂದು ಸೆಕೆಂಡಿನಲ್ಲಿ 11 ಮೀಟರು ಸಾಗಿಬಿಡುತ್ತದೆಂಬುದನ್ನು ನೆನೆದರೆ ಈ ಕೊರತೆಯ ಗುರುತ್ವ ತಿಳಿದೀತು. ಸ್ವೀಡನ್ನಿನ ಮನೋವಿಜ್ಞಾನಿ ಸ್ಟೀನಾ ಸಾಂಡೆಲ್ಸ್ 1960ರ ದಶಕದಲ್ಲಿ ಮಕ್ಕಳ ವರ್ತನೆಯನ್ನು ಪರಿಶೀಲಿಸಿ, ಬೋಧನೆಯೊಂದರಿಂದಲೇ ಎಳೆಯರನ್ನು ಸಂಚಾರಕ್ಕೆ ಹೊಂದಿಸಲಾಗದು, ಸಂಚಾರವನ್ನೇ ಅವರಿಗೆ ಹೊಂದಿಸಬೇಕೆಂದು ನಿರ್ಣಯಿಸಿದರು.

ವಾಹನಗಳು ಎಡಬದಿಯಲ್ಲಿ ಚಲಿಸುವ ನಮ್ಮ ದೇಶದಲ್ಲಿ ದಾಟುವವನನ್ನು ಮೊದಲು ಸಮೀಪಿಸುವುದು ಬಲಗಡೆಯ ವಾಹನವಾದ್ದರಿಂದ, ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ ನೋಡುವುದು ಕ್ರಮ. ಅಮೆರಿಕದ ಮಕ್ಕಳ ವಿಡಿಯೋಗಳು ಬಲಬದಿಯ ಸಂಚಾರಕ್ಕೆ ತಕ್ಕಂತೆ ಇದನ್ನೇ ತಿರುವುಮುರುವಾಗಿ ಕಲಿಸುವುವು. ಮೊಬೈಲಿನಲ್ಲಿ ಅವುಗಳನ್ನು ನೋಡಿಕೊಂಡೇ ಬೆಳೆಯುವ ನಮ್ಮ ಮಕ್ಕಳಿಗೆ ತಿದ್ದಿ ಹೇಳುವುದು ಹಿರಿಯರ ಹೊಣೆ. ಡಿವೈಡರು ಮುಟ್ಟಿದ ಮೇಲೆ ವಾಹನಗಳು ಎಡದಿಂದ ಬರುವುದರಿಂದ ನೋಟದ ಕ್ರಮವೂ ಬದಲಾಗಬೇಕು. ರಾಂಗ್‌ಸೈಡಿನಲ್ಲಿ ನುಗ್ಗುವ ಬೈಕುಗಳಿಗಂತೂ ಯಾವ ಸೂತ್ರವೂ ಅನ್ವಯಿಸದಾದ್ದರಿಂದ ಎರಡೂ ಕಡೆ ನೋಡುವುದು ಅನಿವಾರ್ಯ.

ಪಾಠವನ್ನು ಕೊಠಡಿಯಲ್ಲಿ ಬಾಯಿಪಾಠ ಮಾಡಿಸಿದರೆ ಫಲ ಅಲ್ಪ. ಚರಂಡಿಯ ಚಪ್ಪಡಿ ಮುರಿದು, ಫುಟ್‌ಪಾತಿನ ಮೇಲೆ ಟ್ರಾನ್ಸ್‌ಫಾರ್ಮರೂ ತರಕಾರಿ ಗಾಡಿಯೂ ನಿಂತಿರುವ ಬೀದಿಯಲ್ಲೇ, ಮಗುವನ್ನು ವಾಹನಗಳಿಂದ ದೂರದ ಬದಿಗಿರಿಸಿ, ಜಾರಿಹೋಗುವ ಬೆರಳನ್ನಲ್ಲದೆ ಮಣಿಕಟ್ಟನ್ನೇ ಹಿಡಿದು, “ಈಗ ದಾಟಬಹುದೇನಪ್ಪ?” ಎಂದು ಅದನ್ನೇ ಕೇಳಿ, ಕಂಡುದನ್ನು ಅದರ ಬಾಯಿಂದಲೇ ಹೇಳಿಸಬೇಕು. ಶಾಲಾ ವ್ಯಾನಿನಿಂದಿಳಿದೊಡನೆ ಅದರ ಮುಂದಿನಿಂದ ಓಡದೆ, ವ್ಯಾನು ಹೊರಟು ರಸ್ತೆ ತೆರವಾಗುವವರೆಗೂ ಹಿರಿಯರೊಡನೆ ಬದಿಯಲ್ಲೇ ನಿಲ್ಲುವುದನ್ನು ದಿನವೂ ರೂಢಿಸಬೇಕು. ಫುಟ್‌ಪಾತಿಲ್ಲದೆಡೆ ಎದುರು ವಾಹನಗಳು ಕಾಣುವಂತೆ ಬಲಬದಿಯಲ್ಲಿ ನಡೆಯುವುದು ಮೇಲು. ಇಂಥ ಅಭ್ಯಾಸದಲ್ಲಿ ಪಾಲುಗೊಳ್ಳಬೇಕಾದ ಸಂಚಾರ ಪೊಲೀಸರ ತರಬೇತಿ ಹಾಗೂ ರಸ್ತೆ ಸುರಕ್ಷಾ ಸಂಸ್ಥೆ ಉತ್ತರ ಬೆಂಗಳೂರಿನ ಥಣಿಸಂದ್ರದಲ್ಲೇ ಇದೆ.

ಬ್ರಿಟನ್ನಿನಲ್ಲಿ 1953ರಲ್ಲಿ ಹುಟ್ಟಿಕೊಂಡ ಟಫ್ಟಿ ಎಂಬ ಅಳಿಲಿನ ಕಥೆಗಳ ಮೂಲಕ ಈ ಬೋಧನೆ ಜನಪ್ರಿಯವಾಯಿತು. ಆದರೆ ಕಥೆಗಿಂತ ಹಿರಿಯರ ನಡತೆಯೇ ಮಕ್ಕಳಿಗೆ ಬಲವತ್ತರವಾದ ಪಾಠ. ಬೆಳಗ್ಗೆ ಶಾಲೆಯ ಹೊತ್ತಿಗೆ, ತಂದೆ ಮಾತ್ರ ಹೆಲ್ಮೆಟ್ ಧರಿಸಿ, ಬರಿದಲೆಯ ಮಗುವನ್ನು ಸ್ಕೂಟರಿನ ಮುಂಭಾಗದಲ್ಲಿ ಹ್ಯಾಂಡಲ್ ಹಿಡಿಸಿ ನಿಲ್ಲಿಸಿಕೊಂಡು ಹೋಗುವುದು ನಗರದಲ್ಲೆಲ್ಲ ಕಾಣುವ ನೋಟ. ಮೋಟಾರು ವಾಹನ ಕಾಯಿದೆಯಂತೆ ನಾಲ್ಕು ವರ್ಷ ಮೀರಿದವರಿಗೆ ಹೆಲ್ಮೆಟ್ ಕಡ್ಡಾಯ; ಒಂಬತ್ತು ತಿಂಗಳಿಂದ ನಾಲ್ಕು ವರ್ಷದೊಳಗಿನ ಮಕ್ಕಳಿಗೂ ಹೆಲ್ಮೆಟ್ಟು, ಸವಾರನಿಗೆ ಬಿಗಿಯುವ ಸುರಕ್ಷಾಪಟ್ಟಿ ಮತ್ತು ಗಂಟೆಗೆ 40 ಕಿಲೋಮೀಟರಿನ ವೇಗಮಿತಿಯನ್ನು ವಿಧಿಸುವ ಕೇಂದ್ರ ನಿಯಮ 2022ರಲ್ಲಿ ಪ್ರಕಟವಾಗಿ, 2023ರ ಫೆಬ್ರುವರಿ 15ರಿಂದ ಜಾರಿಯಲ್ಲಿದೆ.